ಹವೆಗೆ ತಕ್ಕ ಮನೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮನೆ ಕಟ್ಟುವುದರ ಕಷ್ಟವನ್ನೂ ವೆಚ್ಚವನ್ನೂ ನಮ್ಮ ಹಿರಿಯರು ಈ ಆರು ಪದಗಳಲ್ಲಿ ಅಡಕಮಾಡಿ ಹೇಳಿದ್ದಾರೆ. ಆದರೆ ಗೃಹಪ್ರವೇಶದ ದಿನಕ್ಕೆ ಮನೆಯ ವೆಚ್ಚವು ಮುಗಿಯಿತೆಂದು ತಿಳಿಯುವುದು ಸರಿಯಲ್ಲ. ಕಟ್ಟಿದ ಮನೆಯು ಐವತ್ತು ಅರುವತ್ತು ವರ್ಷ ನಿಲ್ಲುತ್ತದೆ. ಅಷ್ಟು ವರ್ಷವೂ ಅದು ತನ್ನೊಳಗಿರುವವರಿಂದ ಕಪ್ಪವನ್ನು ವಸೂಲು ಮಾಡುತ್ತಲೇ ಇರುತ್ತದೆ. ಸೆಖೆಯಾದರೆ ಪಂಖ, ಕತ್ತಲೆಯಾದರೆ ದೀಪ, ಚಳಿಯಾದರೆ ಒಲೆ, ಇವೆಲ್ಲಕ್ಕೂ ಶಕ್ತಿ ಬೇಕು. ಶಕ್ತಿಗೆ ಹಣ ಬೇಕು. ಹಣವಿದ್ದವನು ಯಂತ್ರದಿಂದ ತಂಪನ್ನು ಕೊಳ್ಳುತ್ತಾನೆ, ಇಲ್ಲದವನು ಬೇಯುತ್ತಾನೆ. ಆದುದರಿಂದ ಮನೆಯನ್ನು ಹೇಗೆ ಕಟ್ಟಬೇಕೆಂಬುದು ಎಂಜಿನಿಯರರ ಪ್ರಶ್ನೆ ಮಾತ್ರವಲ್ಲ. ಬಡವನ ಮಗುವು ರಾತ್ರಿ ನಿದ್ರಿಸಬಲ್ಲುದೇ ಎಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ.

ಕಡಮೆ ಶಕ್ತಿಯಿಂದ ಹೆಚ್ಚು ಸುಖವನ್ನು ಕೊಡುವ ಕಟ್ಟಡವನ್ನು ಶಕ್ತಿಮಿತವ್ಯಯದ ಕಟ್ಟಡವೆಂದು ಕರೆಯಬಹುದು. ಈ ವಿಷಯದ ಚರ್ಚೆಯು ಹೆಚ್ಚಾಗಿ ನಡೆದಿರುವುದು ಹಿಮ ಬೀಳುವ ಶೀತದೇಶಗಳಲ್ಲಿ. ಆದರೆ ಅದರ ಪಾಠವನ್ನು ಕಲಿಯಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ಕುಳಿತು ಪಾಲಘಾಟಿನ ಕಣಿವೆಯನ್ನು ದಾಟಿದರೆ ಕೇರಳವು ಸಿಗುತ್ತದೆ. ಅಲ್ಲಿನ ಕೊಚ್ಚಿ ಮತ್ತು ತಿರುವನಂತಪುರ ಎಂಬ ಎರಡು ನಗರಗಳಲ್ಲಿ, ಚಳಿನಾಡಿನಲ್ಲಿ ಹುಟ್ಟಿದವರು ಸೆಖೆಯ ನಾಡಿನಲ್ಲಿ ಕಟ್ಟಿದ ಕಟ್ಟಡಗಳಿವೆ. ಅವು ನಮಗೆ ಒಂದೇ ಮಾತನ್ನು ಕಲಿಸುತ್ತವೆ: ಶಾಖದ ನಿಯಮವು ಎಲ್ಲೆಡೆಯೂ ಒಂದೇ, ಆದರೆ ಮನೆಯು ಊರಿಗೊಂದು.

ಶಾಖವು ನಡೆಯುವ ದಾರಿಗಳು

ಶಾಖವು ಬಿಸಿಯಾದ ಕಡೆಯಿಂದ ತಣ್ಣಗಿರುವ ಕಡೆಗೆ ಮೂರು ದಾರಿಗಳಲ್ಲಿ ಹೋಗುತ್ತದೆಂಬುದನ್ನು ನೀವು ವಿಜ್ಞಾನದ ತರಗತಿಯಲ್ಲಿ ಓದಿದ್ದೀರಿ. ಒಲೆಯ ಮೇಲಿಟ್ಟ ಸೌಟಿನ ಹಿಡಿಯು ಸುಡುವುದು ವಹನದಿಂದ. ಪಾತ್ರೆಯಲ್ಲಿ ಕಾದ ನೀರು ಮೇಲೇರಿ ತಣ್ಣನೆಯ ನೀರು ಕೆಳಗಿಳಿಯುವುದು ಸಂವಹನ. ನಡುವೆ ಯಾವ ವಸ್ತುವೂ ಇಲ್ಲದಿದ್ದರೂ ಸೂರ್ಯನ ಬಿಸಿಯು ನಮ್ಮನ್ನು ಮುಟ್ಟುವುದು ವಿಕಿರಣದಿಂದ. ಮನೆಯ ಗೋಡೆ, ಚಾವಣಿ, ಕಿಟಕಿಗಳ ಮೂಲಕ ಶಾಖವು ಒಳಗೆ ಬರುವುದೂ ಹೊರಗೆ ಹೋಗುವುದೂ ಈ ಮೂರು ದಾರಿಗಳಲ್ಲಿಯೇ.

ಇಲ್ಲೊಂದು ಸಣ್ಣ ಸಂಗತಿಯನ್ನು ಗಮನಿಸಿರಿ. ಚಳಿಗಾಲದಲ್ಲಿ ನಾವು ಕಂಬಳಿಯನ್ನು ಹೊದ್ದುಕೊಳ್ಳುತ್ತೇವೆ. ಕಂಬಳಿಯು ಶಾಖವನ್ನು ಉಂಟುಮಾಡುವುದೇ? ಇಲ್ಲ, ಅದರ ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯು ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಸುತ್ತಿದರೆ ಅದು ಬೇಗನೆ ಕರಗುವುದಿಲ್ಲ, ಏಕೆಂದರೆ ಹೊರಗಿನ ಶಾಖವು ಒಳಗೆ ಹೋಗಲಾರದು. ಅಲುಗಾಡದೆ ನಿಂತ ಗಾಳಿಯು ಉಷ್ಣದ ಮಂದವಾಹಕ. ಒಂದೇ ಹೊದಿಕೆಯು ಒಂದು ಕಡೆ ಬೆಚ್ಚಗಿಡುತ್ತದೆ, ಇನ್ನೊಂದು ಕಡೆ ತಂಪಾಗಿಡುತ್ತದೆ. ಈ ಗುಟ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ಚಳಿನಾಡಿನ ಮನೆ

ಚಳಿನಾಡಿನಲ್ಲಿ ಮನೆಯ ಕೆಲಸವು ಒಂದೇ: ಒಳಗಿರುವ ಶಾಖವನ್ನು ಬಿಡದೆ ಹಿಡಿದಿಡುವುದು. ಹಿಮಾಲಯದ ಕುಮಾವೂನ್ ಪ್ರಾಂತದ ಹಳೆಯ ಮನೆಗಳನ್ನು ನೋಡಿರಿ. ಕಲ್ಲು ಮಣ್ಣುಗಳ ದಪ್ಪ ಗೋಡೆ, ಚಿಕ್ಕ ಬಾಗಿಲು, ಪುಟ್ಟ ಕಿಟಕಿ, ತಗ್ಗಾದ ಮಾಳಿಗೆ. ಕೆಳಗಿನ ಅಂತಸ್ತಿನಲ್ಲಿ ದನಕರುಗಳನ್ನು ಕಟ್ಟುತ್ತಿದ್ದರು. ಮೇಲಿನ ಅಂತಸ್ತಿನಲ್ಲಿ ಜನರು ವಾಸಿಸುತ್ತಿದ್ದರು. ದನಗಳ ಮೈಬಿಸಿಯು ಮೇಲಿನ ಕೋಣೆಗಳಿಗೂ ಒದಗುತ್ತಿತ್ತು. ಸೌದೆಯ ಒಂದು ಕೊರಡೂ ವ್ಯರ್ಥವಾಗದಂತೆ ಆ ಜನರು ತಮ್ಮ ಮನೆಗಳನ್ನು ರೂಪಿಸಿಕೊಂಡಿದ್ದರು.

ಇದೇ ತತ್ತ್ವವನ್ನು ಆಧುನಿಕ ಲೆಕ್ಕಾಚಾರದಿಂದ ಮುಂದುವರಿಸಿದವರು ಯೂರೋಪಿನವರು. 1973ರಲ್ಲಿ ತೈಲದ ಬೆಲೆಯು ಒಮ್ಮೆಲೇ ಏರಿದಾಗ, ಚಳಿಗಾಲದಲ್ಲಿ ಮನೆಗಳನ್ನು ಬಿಸಿಮಾಡಲು ತಾವು ಎಷ್ಟೊಂದು ಇಂಧನವನ್ನು ಸುಡುತ್ತಿದ್ದೇವೆಂಬ ಅರಿವು ಅವರಿಗೆ ಉಂಟಾಯಿತು. ವೋಲ್ಫ್‌ಗಾಂಗ್ ಫೈಸ್ಟ್ ಎಂಬ ಜರ್ಮನ್ ವಿಜ್ಞಾನಿಯೂ ಬೋ ಆಡಮ್‌ಸನ್ ಎಂಬ ಸ್ವೀಡನ್ನಿನ ಪ್ರಾಧ್ಯಾಪಕರೂ ಕೂಡಿ ಒಂದು ಹೊಸ ಬಗೆಯ ಮನೆಯನ್ನು ಯೋಚಿಸಿದರು. ಅದರ ಫಲವಾಗಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ 1991ರ ಹೊತ್ತಿಗೆ ನಾಲ್ಕು ಮನೆಗಳ ಒಂದು ಸಾಲು ಸಿದ್ಧವಾಯಿತು. ಅದರ ಗೋಡೆಗಳಿಗೆ ದಪ್ಪನೆಯ ಉಷ್ಣರೋಧಕದ ಹೊದಿಕೆ, ಕಿಟಕಿಗಳಿಗೆ ಮೂರು ಪದರದ ಗಾಜು, ಸಂದುಗೊಂದುಗಳೆಲ್ಲ ಮುಚ್ಚಿವೆ. ಹೊರಗೆ ಹೋಗುವ ಕೊಳೆತ ಗಾಳಿಯು ತನ್ನ ಬಿಸಿಯನ್ನು ಒಳಗೆ ಬರುವ ಹೊಸ ಗಾಳಿಗೆ ಕೊಟ್ಟು ಹೋಗುವಂತೆ ಯಂತ್ರವೊಂದನ್ನು ಅಳವಡಿಸಿದೆ. ಇಂಥ ಮನೆಯನ್ನು ಬಿಸಿಮಾಡಲು ಚದರ ಮೀಟರಿಗೆ ವರ್ಷಕ್ಕೆ 15 ಯೂನಿಟ್ಟುಗಳಿಗಿಂತ ಹೆಚ್ಚಿನ ಶಾಖವು ಬೇಕಾಗಬಾರದೆಂಬುದು ಅವರು ಹಾಕಿಕೊಂಡ ನಿಯಮ. ಹಳೆಯ ಮನೆಗಳನ್ನು ದುರಸ್ತಿಮಾಡುವಾಗಲೂ ಅಲ್ಲಿ ಇದೇ ಕ್ರಮ: ಮೊದಲು ಸಂದುಗಳನ್ನು ಮುಚ್ಚು, ಅಟ್ಟಕ್ಕೆ ಹೊದಿಕೆ ಹಾಕು, ಬಳಿಕ ಕಿಟಕಿಯನ್ನು ಬದಲಿಸು.

ಇದು ಮೆಚ್ಚತಕ್ಕ ಕೆಲಸವೇ ಸರಿ. ಆದರೆ ಈ ಮುಚ್ಚಿದ ಪೆಟ್ಟಿಗೆಯನ್ನು ಹಾಗೆಯೇ ಎತ್ತಿ ತಂದು ಕೊಚ್ಚಿಯ ಕಡಲತೀರದಲ್ಲಿಟ್ಟರೆ ಏನಾದೀತು? ಒಳಗಿರುವವರ ಮೈಬಿಸಿ, ಅಡುಗೆಯ ಬಿಸಿ, ತೇವ, ಇವೆಲ್ಲವೂ ಹೊರಗೆ ಹೋಗಲು ದಾರಿ ಕಾಣದೆ ಒಳಗೇ ಕೂಡಿಕೊಳ್ಳುವುವು. ತಂಪುಗೊಳಿಸುವ ಯಂತ್ರವು ಹಗಲಿರುಳೂ ನಡೆಯದಿದ್ದರೆ ಅಂಥ ಮನೆಯಲ್ಲಿ ಬಾಳುವುದೇ ಕಷ್ಟವಾದೀತು.

ಕೇರಳದ ಹವೆ, ಕೇರಳದ ಮನೆ

ತಿರುವನಂತಪುರವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು ಎಂಟೂವರೆ ಡಿಗ್ರಿಯ ದೂರದಲ್ಲಿಯೂ ಕೊಚ್ಚಿಯು ಸುಮಾರು ಹತ್ತು ಡಿಗ್ರಿಯ ದೂರದಲ್ಲಿಯೂ ಇವೆ. ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯನು ಅಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಆದುದರಿಂದ ಬಿಸಿಲಿನ ಮೊದಲ ಪೆಟ್ಟು ಚಾವಣಿಗೆ. ಎರಡನೆಯ ಪೆಟ್ಟು ಬೆಳಗ್ಗೆ ಪೂರ್ವದ ಗೋಡೆಗೂ ಸಂಜೆ ಪಶ್ಚಿಮದ ಗೋಡೆಗೂ. ಕೊಚ್ಚಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಗಾಳಿಯಲ್ಲಿ ಸದಾ ತೇವ. ಮೈಯಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದೆ ಮೈ ತಂಪಾಗದು. ಬೀಸುವ ಗಾಳಿಯೊಂದೇ ಅದನ್ನು ಆರಿಸಬಲ್ಲುದು. ಹೀಗಾಗಿ ಅಲ್ಲಿನ ಮನೆಯು ಮೂರು ಕೆಲಸಗಳನ್ನು ಮಾಡಬೇಕು: ಬಿಸಿಲನ್ನು ತಡೆಯಬೇಕು, ಮಳೆಯನ್ನು ದೂರ ಎಸೆಯಬೇಕು, ಗಾಳಿಯನ್ನು ಒಳಗೆ ಕರೆಯಬೇಕು.

ಕೇರಳದ ಹಳೆಯ ಸ್ಥಪತಿಗಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅಲ್ಲಿನ ‘ನಾಲುಕೆಟ್ಟು’ ಮನೆಯು ನಮ್ಮ ತೊಟ್ಟಿಮನೆಯ ಬಂಧು. ನಾಲ್ಕು ಕಡೆ ಕಟ್ಟು, ನಡುವೆ ಆಕಾಶಕ್ಕೆ ತೆರೆದ ಅಂಗಳ. ಅದನ್ನು ‘ನಡುಮುಟ್ಟಂ’ ಎನ್ನುತ್ತಾರೆ. ಬಿಸಿಯಾದ ಗಾಳಿಯು ಅಂಗಳದಿಂದ ಮೇಲೇರಿ ಹೋದಂತೆ ಸುತ್ತಲಿನ ಕೋಣೆಗಳಿಂದ ಹೊಸ ಗಾಳಿಯು ಆ ಕಡೆಗೆ ಹರಿಯುತ್ತದೆ. ಕಡಿದಾದ ಇಳಿಜಾರಿನ ಮಾಡು ಮಳೆಯನ್ನು ನಿಲ್ಲಗೊಡದು. ಆಳವಾಗಿ ಚಾಚಿದ ಸೂರು ಗೋಡೆಗೆ ಕೊಡೆ ಹಿಡಿದಂತೆ ಬಿಸಿಲನ್ನೂ ಇರಚಲನ್ನೂ ತಡೆಯುತ್ತದೆ. ಮಾಡಿನ ಕೆಳಗಿನ ಮರದ ಅಟ್ಟವು, ಅದರೊಳಗಿನ ಗಾಳಿಯೊಡನೆ, ಕಾದ ಹಂಚಿನ ಬಿಸಿಯು ಕೋಣೆಗೆ ಇಳಿಯದಂತೆ ನೋಡಿಕೊಳ್ಳುತ್ತದೆ. ಗೋಡೆಗಳಿಗೆ ಆ ನಾಡಿನ ನೆಲದಲ್ಲಿಯೇ ಕೊಡಲಿಯಿಂದ ಕಡಿದು ತೆಗೆಯುವ ಮುರಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುವ ಈ ಕಲ್ಲನ್ನು ಸುಡಬೇಕಾಗಿಲ್ಲ. ಮಲಬಾರಿನ ಅಂಗಾಡಿಪುರಂ ಎಂಬಲ್ಲಿ ಇದನ್ನು ಕಂಡ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟು 1807ರಲ್ಲಿ ಪ್ರಕಟಿಸಿದನು.

ಹೊರಗಿನಿಂದ ಬಂದವರೂ ಈ ಪಾಠವನ್ನು ಕಲಿಯಬೇಕಾಯಿತು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಒಂದು ಅರಮನೆಯಿದೆ. ಸುಮಾರು 1555ರಲ್ಲಿ ಪೋರ್ಚುಗೀಸರು ಇದನ್ನು ಕಟ್ಟಿ ಕೊಚ್ಚಿಯ ಅರಸನಿಗೆ ಕಾಣಿಕೆಯಾಗಿ ಕೊಟ್ಟರು. 1663ರಲ್ಲಿ ಕೊಚ್ಚಿಯನ್ನು ಗೆದ್ದ ಡಚ್ಚರು ಇದನ್ನು ದುರಸ್ತಿಮಾಡಿ ವಿಸ್ತರಿಸಿದರು; ಅದರಿಂದ ಇಂದಿಗೂ ಇದಕ್ಕೆ ಡಚ್ ಅರಮನೆಯೆಂದೇ ಹೆಸರು. ಕಟ್ಟಿದವರೂ ದುರಸ್ತಿಮಾಡಿದವರೂ ಯೂರೋಪಿನವರು; ಆದರೆ ಕಟ್ಟಡದ ವಿನ್ಯಾಸವು ನಾಲುಕೆಟ್ಟಿನದು. ನಡುವೆ ಅಂಗಳ, ಅಂಗಳದಲ್ಲಿ ಭಗವತಿಯ ಗುಡಿ, ಮೇಲೆ ಇಳಿಜಾರಾದ ಮಾಡು. ಕಡಲು ದಾಟಿ ಬಂದವರ ಕೈಗಳು ಈ ನೆಲದ ಹವೆಗೆ ಮಣಿದುದಕ್ಕೆ ಇದೊಂದು ಸಾಕ್ಷಿ. ಹಾಗೆಯೇ ತಿರುವನಂತಪುರದಲ್ಲಿ ರಾಬರ್ಟ್ ಚಿಸಮ್ ಎಂಬ ಆಂಗ್ಲ ವಾಸ್ತುಶಿಲ್ಪಿಯು ಯೋಜಿಸಿ 1880ರಲ್ಲಿ ಪೂರ್ಣವಾದ ನೇಪಿಯರ್ ವಸ್ತುಸಂಗ್ರಹಾಲಯವು ಕೇರಳದ ಮಾಡುಗಳನ್ನು ಧರಿಸಿ, ಯಂತ್ರದ ನೆರವಿಲ್ಲದೆ ಗಾಳಿಯಾಡುವ ಕಟ್ಟಡವೆಂದು ಹೆಸರಾಗಿದೆ.

ಈ ಕಥೆಯಲ್ಲಿ ಕನ್ನಡನಾಡಿನ ಪಾಲೂ ಉಂಟು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಮಂಗಳೂರು ಹಂಚು ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿ ಸೋಗೆ ಹುಲ್ಲುಗಳ ಸ್ಥಾನವನ್ನು ಪಡೆಯಿತು. ಒಂದಕ್ಕೊಂದು ಕೊಂಡಿಯಂತೆ ಸೇರುವ ಈ ಹಂಚುಗಳ ಸಂದಿನಲ್ಲಿ ಮಳೆಯ ನೀರು ಇಳಿಯದು, ಆದರೆ ಒಳಗಿನ ಬಿಸಿಗಾಳಿಯು ನುಸುಳಿ ಹೋಗಬಲ್ಲುದು. ಈ ಹಂಚನ್ನು ಮುಂದೆ ಇನ್ನೊಂದು ಜಾಗದಲ್ಲಿಯೂ ಕಾಣಲಿದ್ದೇವೆ.

ಚಳಿನಾಡಿನಿಂದ ಬಂದ ಗುರು

ತಿರುವನಂತಪುರದಲ್ಲಿ ಈ ವಿದ್ಯೆಗೆ ಹೊಸ ಜೀವವನ್ನು ತುಂಬಿದವರು ಲಾರಿ ಬೇಕರ್. ಅವರು 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹುಟ್ಟಿ, ಅಲ್ಲಿಯೇ ವಾಸ್ತುವಿದ್ಯೆಯನ್ನು ಕಲಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚೀನಾದಲ್ಲಿ ರೋಗಿಗಳ ಸೇವೆಯನ್ನು ಮಾಡಿ ಊರಿಗೆ ಮರಳುವಾಗ, ಹಡಗಿಗಾಗಿ ಮುಂಬಯಿಯಲ್ಲಿ ಕಾಯಬೇಕಾಯಿತು. ಆಗ ಅವರಿಗೆ ಗಾಂಧೀಜಿಯವರ ಭೇಟಿಯಾಯಿತು. ಮನೆ ಕಟ್ಟುವ ಸಾಮಗ್ರಿಯು ಆ ನಿವೇಶನದ ಸುತ್ತಲಿನ ಐದು ಮೈಲಿಗಳೊಳಗೆ ದೊರಕುವಂಥದಾಗಿರಬೇಕೆಂಬ ಗಾಂಧೀಜಿಯವರ ವಿಚಾರವು ತಮ್ಮ ಮನಸ್ಸಿನಲ್ಲಿ ನೆಲೆಯೂರಿತೆಂದು ಬೇಕರರು ಮುಂದೆ ಹೇಳಿಕೊಂಡಿದ್ದಾರೆ.

1945ರಲ್ಲಿ ಭಾರತಕ್ಕೆ ಮರಳಿ ಬಂದ ಅವರು ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡದ ಕೆಲಸದಲ್ಲಿ ತೊಡಗಿದರು. 1948ರಲ್ಲಿ ಕೇರಳದ ವೈದ್ಯೆ ಎಲಿಜಬೆತ್ ಜೇಕಬ್ ಅವರನ್ನು ಮದುವೆಯಾಗಿ, ಹಿಮಾಲಯದ ಪಿತೋರಾಗಢದಲ್ಲಿ ನೆಲೆಸಿದರು. ಬರ್ಮಿಂಗ್‌ಹ್ಯಾಮಿನಲ್ಲಿ ಕಲಿತ ಉಕ್ಕು ಕಾಂಕ್ರೀಟುಗಳ ವಿದ್ಯೆಯು ಅಲ್ಲಿ ನಡೆಯಲಿಲ್ಲ. ಕಲ್ಲು, ಮಣ್ಣು, ಮರಗಳಿಂದ ಚಳಿಗೆ ತಕ್ಕ ಮನೆಯನ್ನು ಕಟ್ಟುತ್ತಿದ್ದ ಬೆಟ್ಟದ ಜನರೇ ಅವರಿಗೆ ಗುರುಗಳಾದರು. 1963ರಲ್ಲಿ ಈ ದಂಪತಿಗಳು ಕೇರಳದ ವಾಗಮಣ್ ಬೆಟ್ಟಗಳಿಗೂ, 1970ರ ಸುಮಾರಿಗೆ ತಿರುವನಂತಪುರಕ್ಕೂ ಬಂದರು. ಚಳಿಯ ಬೆಟ್ಟದಿಂದ ಸೆಖೆಯ ಕರಾವಳಿಗೆ ಇಳಿದ ಬೇಕರರು ಹಿಮಾಲಯದ ಮನೆಯ ಆಕಾರವನ್ನು ಅಲ್ಲಿಯೇ ಬಿಟ್ಟುಬಂದರು. ಅದರ ವಿವೇಕವನ್ನು ಮಾತ್ರ ಜೊತೆಯಲ್ಲಿ ತಂದರು. ಅವರಿಗೆ 1990ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. 2007ರಲ್ಲಿ ತಿರುವನಂತಪುರದಲ್ಲಿಯೇ ಅವರು ಕಾಲವಾದರು.

ಇಟ್ಟಿಗೆಯ ಲೆಕ್ಕ

ಬೇಕರರ ವಿಧಾನಗಳನ್ನು ತಿಳಿಯುವ ಮುನ್ನ ಕಟ್ಟಡವು ಬಳಸುವ ಶಕ್ತಿಯು ಎರಡು ಬಗೆಯೆಂಬುದನ್ನು ಅರಿಯಬೇಕು. ದೀಪ, ಪಂಖಗಳಿಗೆ ದಿನದಿನವೂ ಬೇಕಾಗುವುದು ಒಂದು ಬಗೆ. ಗೋಡೆ ಎದ್ದು ನಿಲ್ಲುವುದಕ್ಕೆ ಮುಂಚೆಯೇ ಸಾಮಗ್ರಿಗಳಲ್ಲಿ ಸೇರಿಹೋಗಿರುವುದು ಇನ್ನೊಂದು ಬಗೆ. ಇಟ್ಟಿಗೆಯನ್ನು ಗೂಡಿನಲ್ಲಿ ಸುಡಬೇಕು. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಕಾಯಿಸಬೇಕು. ಆಗ ಇಂಧನದ ಹೊಗೆಯಲ್ಲದೆ ಆ ಕಲ್ಲಿನೊಳಗಿನಿಂದಲೂ ಇಂಗಾಲದ ಡೈ ಆಕ್ಸೈಡು ಹೊರಬೀಳುತ್ತದೆ. ಉಕ್ಕಿನ ಕುಲುಮೆಯ ಮಾತನ್ನು ಹೇಳಬೇಕಾಗಿಯೇ ಇಲ್ಲ. ಈ ಗುಪ್ತಶಕ್ತಿಯನ್ನು ಉಳಿಸಬೇಕಾದರೆ ಸಾಮಗ್ರಿಯನ್ನು ಮಿತವಾಗಿ ಬಳಸಬೇಕು.

ಬೇಕರರು ಹೆಚ್ಚಾಗಿ ಬಳಸಿದ ಮೊದಲನೆಯ ಉಪಾಯವು ‘ಇಲಿಬೋನಿನ ಕಟ್ಟು’. ಸಾಮಾನ್ಯವಾಗಿ ಗಾರೆಯವರು ಇಟ್ಟಿಗೆಯನ್ನು ಅಗಲವಾಗಿ ಮಲಗಿಸಿ ಇಡುತ್ತಾರೆ. ಈ ಕಟ್ಟಿನಲ್ಲಿ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸುತ್ತಾರೆ. ಎರಡು ಸಾಲು ಇಟ್ಟಿಗೆಗಳ ನಡುವೆ ಸುಮಾರು ಮೂರು ಅಂಗುಲದ ಪೊಳ್ಳು ಉಳಿಯುತ್ತದೆ. ಅಲ್ಲಲ್ಲಿ ಅಡ್ಡಲಾಗಿಟ್ಟ ಇಟ್ಟಿಗೆಯು ಎರಡು ಸಾಲುಗಳನ್ನೂ ಹಿಡಿದಿಡುತ್ತದೆ. ಗೋಡೆಯ ದಪ್ಪವು ಎಂದಿನಂತೆ ಒಂಬತ್ತು ಅಂಗುಲವೇ, ಆದರೆ ಇಟ್ಟಿಗೆಯಲ್ಲಿ ಸುಮಾರು ಕಾಲು ಭಾಗದ ಉಳಿತಾಯ. ಪೊಳ್ಳಿನಲ್ಲಿ ನಿಂತ ಗಾಳಿಯು ನಾವು ಮೊದಲು ನೋಡಿದ ಕಂಬಳಿಯ ಕೆಲಸವನ್ನು ಮಾಡುತ್ತದೆ. ಇದು ಇಂಗ್ಲೆಂಡಿನಲ್ಲಿ ಹಿಂದೆಯೇ ರೂಢಿಯಲ್ಲಿದ್ದ ಕಟ್ಟು. ಅಲ್ಲಿ ಚಳಿಯನ್ನು ತಡೆದ ಗೋಡೆಯು ಇಲ್ಲಿ ಬಿಸಿಲನ್ನು ತಡೆಯಿತು!

ಎರಡನೆಯದು ಚಾವಣಿಯ ಉಪಾಯ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ಸಹಿಸುತ್ತದೆ, ಎಳೆತವನ್ನು ಸಹಿಸಲಾರದು. ಚಾವಣಿಯ ಹಲಗೆಯು ಭಾರಕ್ಕೆ ಬಾಗುವಾಗ ಅದರ ಮೇಲಿನ ಭಾಗವು ಒತ್ತಲ್ಪಡುತ್ತದೆ, ಕೆಳಗಿನ ಭಾಗವು ಎಳೆಯಲ್ಪಡುತ್ತದೆ. ಆ ಎಳೆತವನ್ನು ತಡೆಯುವುದು ಕಬ್ಬಿಣದ ಸರಳುಗಳು. ಕೆಳಭಾಗದಲ್ಲಿ ಸರಳುಗಳ ನಡುವಿನ ಕಾಂಕ್ರೀಟು ಬಹುಮಟ್ಟಿಗೆ ಸುಮ್ಮನೆ ಭಾರವನ್ನು ಹೆಚ್ಚಿಸುತ್ತದೆ. ಬೇಕರರು ಆ ಜಾಗದಲ್ಲಿ ಹಳೆಯ ಮಂಗಳೂರು ಹಂಚುಗಳನ್ನು ಜೋಡಿಯಾಗಿಟ್ಟು ಅದರ ಮೇಲೆ ಕಾಂಕ್ರೀಟನ್ನು ಹಾಕಿಸಿದರು. ಯಾರೋ ಕಿತ್ತೆಸೆದ ಹಂಚು ಮತ್ತೊಮ್ಮೆ ಚಾವಣಿಯನ್ನೇರಿತು. ಸಿಮೆಂಟು ಉಳಿಯಿತು, ಭಾರವು ಇಳಿಯಿತು, ಜೋಡಿ ಹಂಚುಗಳ ನಡುವಿನ ಗಾಳಿಯಿಂದ ಬಿಸಿಲಿನ ತಾಪವೂ ತಗ್ಗಿತು.

ಮೂರನೆಯದು ಜಾಲಂದ್ರ. ಇಟ್ಟಿಗೆಗಳ ನಡುವೆ ಕಂಡಿಗಳನ್ನು ಬಿಟ್ಟು ಕಟ್ಟಿದ ಗೋಡೆಯು ಕಿಟಕಿಯ ಮರವನ್ನೂ ಗಾಜನ್ನೂ ಉಳಿಸಿ, ಬಿಸಿಲನ್ನು ಸೋಸಿ, ಗಾಳಿಯನ್ನು ಒಳಗೆ ಬಿಡುತ್ತದೆ. ನಗರದ ಉಳ್ಳೂರಿನಲ್ಲಿರುವ ಅಭಿವೃದ್ಧಿ ಅಧ್ಯಯನ ಕೇಂದ್ರದ ಕಟ್ಟಡಗಳನ್ನು ಬೇಕರರು 1970ರ ದಶಕದಲ್ಲಿ ಕಟ್ಟಿಸಿದರು. ದಿಬ್ಬವನ್ನು ಕಡಿದು ಸಮಮಾಡದೆ, ಇದ್ದ ಮರಗಳನ್ನು ಉಳಿಸಿಕೊಂಡು, ನೆಲದ ಏರಿಳಿತವನ್ನು ಅನುಸರಿಸಿ ಅವು ಹಬ್ಬಿವೆ. ಅಲ್ಲಿ ಕೊಳದ ಬಳಿ ನಿಂತ ಎತ್ತರದ ಜಾಲಂದ್ರದ ಗೋಡೆಯೊಂದು ಗಾಳಿಯ ಒತ್ತಡದ ವ್ಯತ್ಯಾಸದಿಂದ ತಂಪಾದ ಗಾಳಿಯನ್ನು ಕಟ್ಟಡದೊಳಕ್ಕೆ ಸೆಳೆಯುತ್ತದೆ. ತಂಬಾನೂರಿನ ರೈಲು ನಿಲ್ದಾಣದ ಹತ್ತಿರದಲ್ಲಿರುವ ಇಂಡಿಯನ್ ಕಾಫಿ ಹೌಸ್ ಕೂಡ ಅವರದೇ ರಚನೆ. ಕೆಂಪು ಇಟ್ಟಿಗೆಯ ಗೋಪುರದೊಳಗೆ ಸುರುಳಿಯಾಗಿ ಏರುವ ದಾರಿ, ದಾರಿಯುದ್ದಕ್ಕೂ ಮೇಜುಗಳು, ಗೋಡೆಯ ತುಂಬ ಕಂಡಿಗಳು. ಒಂದು ಲೋಟ ಕಾಫಿಯ ಬೆಲೆಗೆ ಯಾರು ಬೇಕಾದರೂ ಅಲ್ಲಿ ಕುಳಿತು ಈ ವಿದ್ಯೆಯ ಸುಖವನ್ನು ಅನುಭವಿಸಬಹುದು. ಈ ಕೆಲಸವು ಒಬ್ಬರೊಡನೆ ಮುಗಿಯಬಾರದೆಂದು 1985ರಲ್ಲಿ ಮಾಜಿ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್, ಅರ್ಥಶಾಸ್ತ್ರಜ್ಞ ಕೆ. ಎನ್. ರಾಜ್ ಮೊದಲಾದವರೊಡನೆ ಬೇಕರರು ಸೇರಿ ‘ಕಾಸ್ಟ್‌ಫೋರ್ಡ್’ ಎಂಬ ಸಂಸ್ಥೆಯನ್ನು ಆರಂಭಿಸಿದರು.

ಹಳೆಯದಕ್ಕೆ ಹೊಸ ಬಾಳು

ಹೊಸದಾಗಿ ಕಟ್ಟುವುದೊಂದೇ ದಾರಿಯೆಂದು ಭಾವಿಸಬಾರದು. ನಿಂತಿರುವ ಕಟ್ಟಡವನ್ನು ಕೆಡವಿದರೆ ಅದರಲ್ಲಿ ಸೇರಿರುವ ಗುಪ್ತಶಕ್ತಿಯೆಲ್ಲ ಮಣ್ಣುಪಾಲಾಗುತ್ತದೆ. ಕೊಚ್ಚಿಯ ಕೋಟೆ ಪ್ರದೇಶದಲ್ಲಿ ಮೆಣಸು, ತೆಂಗಿನೆಣ್ಣೆ, ನಾರುಗಳ ವ್ಯಾಪಾರಕ್ಕಾಗಿ ಕಟ್ಟಿದ ಹಳೆಯ ಮಳಿಗೆಗಳಿವೆ. 1867ರಲ್ಲಿ ಸ್ಥಾಪನೆಯಾದ ವ್ಯಾಪಾರಸಂಸ್ಥೆಗೆ ಸೇರಿದ ಆಸ್ಪಿನ್‌ವಾಲ್ ಹೌಸ್ ಅವುಗಳಲ್ಲೊಂದು. 2012ರಲ್ಲಿ ಕೊಚ್ಚಿ–ಮುಜಿರಿಸ್ ಕಲಾಪ್ರದರ್ಶನವು ಆರಂಭವಾದಾಗ ಆ ಮಳಿಗೆಗಳೇ ಚಿತ್ರಶಾಲೆಗಳಾದುವು. ದಪ್ಪ ಗೋಡೆಯೂ ಎತ್ತರದ ಹಂಚಿನ ಮಾಡೂ ಸಿದ್ಧವಾಗಿಯೇ ಇದ್ದುವು.

ಸಾಮಾನ್ಯ ಮನೆಯ ದುರಸ್ತಿಗೂ ಒಂದು ಕ್ರಮವುಂಟು. ಚಳಿನಾಡಿನವರು ಸಂದುಗಳನ್ನು ಮುಚ್ಚುವುದರಿಂದ ಆರಂಭಿಸಿದರೆ, ಬಿಸಿ–ತೇವದ ನಾಡಿನವರು ನೆರಳಿನಿಂದ ಆರಂಭಿಸಬೇಕು. ಮೊದಲು ಚಾವಣಿ: ಅದಕ್ಕೆ ಬಿಳಿಯ ಸುಣ್ಣವನ್ನು ಬಳಿದರೆ ಬಿಸಿಲಿನ ಬಹುಭಾಗವು ಹಿಂದಿರುಗಿ ಹೋಗುತ್ತದೆ. ಸಾಧ್ಯವಾದರೆ ಸಮತಟ್ಟಾದ ಕಾಂಕ್ರೀಟಿನ ಮೇಲೆ, ನಡುವೆ ಗಾಳಿಯಾಡುವಂತೆ, ಹಂಚಿನ ಮಾಡೊಂದನ್ನು ನಿಲ್ಲಿಸಬಹುದು. ಕೇರಳದ ಅನೇಕ ಮನೆಗಳಲ್ಲಿ ಇಂಥ ಎರಡನೆಯ ಮಾಡನ್ನು ಕಾಣುತ್ತೇವೆ. ಬಳಿಕ ಪಶ್ಚಿಮದ ಗೋಡೆ: ಅದಕ್ಕೆ ಸಜ್ಜಾ, ತಟ್ಟಿ ಅಥವಾ ಮರದ ನೆರಳು. ಅನಂತರ ಗಾಳಿಯ ದಾರಿ: ಗಾಳಿ ಬರುವ ಕಿಟಕಿಗೆ ಎದುರಾಗಿ ಹೋಗುವ ಕಿಟಕಿ, ಗೋಡೆಯ ಮೇಲ್ತುದಿಯಲ್ಲಿ ಬಿಸಿಗಾಳಿಗೆ ಕಂಡಿ. ಇವೆಲ್ಲ ಮುಗಿದ ಮೇಲೆ ಯಂತ್ರದ ಮಾತು. ಹಳೆಯ ಮಾದರಿಯ ಪಂಖವು ಸುಮಾರು 75 ವಾಟ್ ಬಳಸಿದರೆ ಹೊಸ ಮಾದರಿಯದು ಸುಮಾರು 30 ವಾಟ್ ಬಳಸುತ್ತದೆ. ಶಾಲೆಯೊಂದರಲ್ಲಿ 40 ಪಂಖಗಳು ವರ್ಷಕ್ಕೆ 200 ದಿನ, ದಿನಕ್ಕೆ 6 ಗಂಟೆ ತಿರುಗುತ್ತವೆಂದು ಇಟ್ಟುಕೊಳ್ಳಿರಿ. ಹಳೆಯವುಗಳಿಗೆ 3,600 ಯೂನಿಟ್, ಹೊಸವುಗಳಿಗೆ 1,440 ಯೂನಿಟ್. ಉಳಿಯುವುದು 2,160 ಯೂನಿಟ್. ಈ ಲೆಕ್ಕವನ್ನು ನೀವೇ ಮಾಡಿ ತಾಳೆ ನೋಡಿರಿ.

ಶಕ್ತಿಯನ್ನು ಉಳಿಸುವುದೇಕೆ, ಬೇಕಾದಷ್ಟನ್ನು ಸೂರ್ಯನಿಂದ ಪಡೆಯಬಹುದಲ್ಲ ಎಂದು ಕೆಲವರು ಕೇಳಬಹುದು. ಕೊಚ್ಚಿಯ ವಿಮಾನ ನಿಲ್ದಾಣವು 2015ರ ಆಗಸ್ಟ್ 18ರಂದು 12 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವನ್ನು ಆರಂಭಿಸಿ, ಸಂಪೂರ್ಣವಾಗಿ ಸೌರಶಕ್ತಿಯಿಂದ ನಡೆಯುವ ಜಗತ್ತಿನ ಮೊದಲ ವಿಮಾನ ನಿಲ್ದಾಣವೆಂಬ ಕೀರ್ತಿಯನ್ನು ಪಡೆಯಿತು. ಇದು ಹೆಮ್ಮೆಯ ಸಾಧನೆ. ಆದರೆ ಆ ಸೌರಫಲಕಗಳಿಗೆ ಸುಮಾರು 45 ಎಕರೆ ನೆಲವು ಬೇಕಾಯಿತು. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತನ್ನು ರಾಜ್ಯದ ಜಾಲಕ್ಕೆ ಕೊಟ್ಟು ರಾತ್ರಿ ಹಿಂದಕ್ಕೆ ಪಡೆಯುತ್ತಾರೆ. ನಗರದ ಸಣ್ಣ ಮನೆಗೆ ಅಷ್ಟು ನೆಲವೆಲ್ಲಿ? ತೂತು ಬಿದ್ದ ಕೊಡಕ್ಕೆ ಎಷ್ಟು ನೀರು ಹೊತ್ತರೇನು? ಮೊದಲು ತೂತನ್ನು ಮುಚ್ಚಬೇಕು. ಆಮೇಲೆ ಸೂರ್ಯನ ಸ್ವಲ್ಪ ಶಕ್ತಿಯೇ ಸಾಕಾಗುತ್ತದೆ.

ಎರಡೂ ಕಡೆಯ ಮಾತು

ಹಳೆಯದೆಲ್ಲವೂ ಚೆನ್ನೆಂದು ಕಣ್ಣು ಮುಚ್ಚಿ ಹೊಗಳುವುದು ವಿದ್ಯಾರ್ಥಿಗಳಿಗೆ ಶೋಭಿಸದು. ನಾಲುಕೆಟ್ಟುಗಳು ಉಳ್ಳವರ ಮನೆಗಳು. ಅವುಗಳ ಒಳಕೋಣೆಗಳು ಎಷ್ಟೋ ಕಡೆ ಕತ್ತಲೆ. ಉಳುವವನಿಗೆ ಇದ್ದುದು ಸೋಗೆಯ ಗುಡಿಸಲು. ಅಂಗಳ ಬಿಟ್ಟು ಕಟ್ಟುವಷ್ಟು ನಿವೇಶನವು ಇಂದಿನ ನಗರದಲ್ಲಿ ಸಿಗದು. ಅಷ್ಟೊಂದು ಮರವನ್ನು ಕಾಡಿನಿಂದ ಕಡಿದು ತರುವುದೂ ಈಗ ಸಲ್ಲದು. ಬೇಕರರ ವಿಧಾನಗಳಿಗೂ ತೊಡಕುಗಳಿವೆ. ಗಿಲಾವು ಇಲ್ಲದ ಇಟ್ಟಿಗೆಯ ಗೋಡೆಗೆ ನುರಿತ ಗಾರೆಯವನ ಕೈ ಬೇಕು; ಜಾಲಂದ್ರದಲ್ಲಿ ಗಾಳಿಯೊಡನೆ ಧೂಳೂ ಸೊಳ್ಳೆಯೂ ಬರುತ್ತವೆ; ಗದ್ದಲದ ಬೀದಿಯಲ್ಲಿ ಕಿಟಕಿ ತೆರೆದಿಡುವುದು ಕಷ್ಟ. ಇಷ್ಟಾದರೂ ಬೇಕರರು ಬಡವರ ಮನೆಗಳನ್ನೂ ಇದೇ ವಿಧಾನದಿಂದ ಕಟ್ಟಿಸಿದರೆಂಬುದನ್ನು ಮರೆಯಲಾಗದು. ಅರಮನೆಯಲ್ಲಿ ಅಡಗಿದ್ದ ಗಾಳಿಯ ಗುಟ್ಟನ್ನು ಅವರು ಕಡಮೆ ಬೆಲೆಯ ಮನೆಗೂ ತಂದರು. ಅದೇ ಅವರ ನಿಜವಾದ ಹಿರಿಮೆ.

ಇಂದು ಸರಕಾರವೂ ಈ ವಿಚಾರವನ್ನು ನಿಯಮರೂಪಕ್ಕೆ ತಂದಿದೆ. 2018ರಲ್ಲಿ ಪ್ರಕಟವಾದ ‘ಇಕೋ ನಿವಾಸ್ ಸಂಹಿತೆ’ಯು ವಾಸದ ಕಟ್ಟಡಗಳ ಗೋಡೆ, ಕಿಟಕಿ, ಚಾವಣಿಗಳ ಮೂಲಕ ಎಷ್ಟು ಶಾಖವು ಹಾಯಬಹುದೆಂಬುದಕ್ಕೆ ಮಿತಿಯನ್ನು ಹಾಕುತ್ತದೆ. ಅದರಲ್ಲಿ ಭಾರತವನ್ನು ಬಿಸಿ–ಒಣ, ಬಿಸಿ–ತೇವ, ಮಿಶ್ರ, ಸಮಶೀತೋಷ್ಣ, ಶೀತ ಎಂಬ ಐದು ಹವಾಗುಣಗಳಾಗಿ ವಿಂಗಡಿಸಿದೆ. ಗೋಡೆಗಳ ವಿಷಯದಲ್ಲಿ ಶೀತವಲಯಕ್ಕೆ ಬೇರೆಯದೇ ಅಳತೆಗೋಲು. ಕೊಚ್ಚಿ, ತಿರುವನಂತಪುರಗಳು ಬಿಸಿ–ತೇವದ ವಲಯದಲ್ಲಿಯೂ ನಮ್ಮ ಬೆಂಗಳೂರು ಸಮಶೀತೋಷ್ಣ ವಲಯದಲ್ಲಿಯೂ ಸೇರುತ್ತವೆ. ಹೀಗಿರಲಾಗಿ, ಇಂಥ ಹಿತವಾದ ಹವೆಯುಳ್ಳ ನಮ್ಮ ನಗರದಲ್ಲಿ ಪಶ್ಚಿಮದ ಬಿಸಿಲಿಗೆ ಎದುರಾಗಿ ಗಾಜಿನ ಗೋಡೆಯನ್ನು ನಿಲ್ಲಿಸಿ, ಬಳಿಕ ಒಳಗನ್ನು ಯಂತ್ರದಿಂದ ತಣಿಸುವುದು ಯಾವ ಜಾಣತನ?

ನೀವೇ ಮಾಡಿ ನೋಡಿರಿ

ವಿದ್ಯಾರ್ಥಿಮಿತ್ರರೇ, ಓದಿದುದನ್ನು ನಂಬುವುದಕ್ಕಿಂತ ಪರೀಕ್ಷಿಸಿ ತಿಳಿಯುವುದು ಲೇಸು. ಒಂದೇ ಅಳತೆಯ ಎರಡು ತಗಡಿನ ಡಬ್ಬಿಗಳನ್ನು ತೆಗೆದುಕೊಂಡು ಒಂದಕ್ಕೆ ಸುಣ್ಣವನ್ನೂ ಇನ್ನೊಂದಕ್ಕೆ ಕಪ್ಪು ಬಣ್ಣವನ್ನೂ ಬಳಿಯಿರಿ. ಎರಡರಲ್ಲಿಯೂ ಉಷ್ಣಮಾಪಕವನ್ನಿಟ್ಟು, ನಡುಹಗಲಿನ ಬಿಸಿಲಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಅಂಕಿಯನ್ನು ಬರೆದುಕೊಳ್ಳಿರಿ. ಮೂರನೆಯ ಡಬ್ಬಿಯೊಂದನ್ನು ಬಣ್ಣ ಬಳಿಯದೆ ರಟ್ಟಿನ ನೆರಳಿನಲ್ಲಿಟ್ಟು ಹೋಲಿಸಿರಿ. ಅನಂತರ ದಿಕ್ಸೂಚಿಯನ್ನು ಹಿಡಿದು ನಿಮ್ಮ ತರಗತಿಯ ನಕ್ಷೆಯನ್ನು ಬರೆಯಿರಿ. ಯಾವ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ? ಯಾವ ಬೆಂಚಿಗೆ ಗಾಳಿಯು ತಲಪುವುದಿಲ್ಲ? ಹಗಲಿನಲ್ಲಿಯೂ ಯಾವ ದೀಪವು ಉರಿಯುತ್ತಿರುತ್ತದೆ? ಈ ನಕ್ಷೆಯನ್ನು ನಿಮ್ಮ ಮುಖ್ಯೋಪಾಧ್ಯಾಯರ ಮುಂದಿಟ್ಟರೆ, ಒಂದು ಬುಟ್ಟಿ ಸುಣ್ಣವೂ ಒಂದು ಬೇವಿನ ಸಸಿಯೂ ಏನನ್ನು ಮಾಡಬಲ್ಲುವೆಂಬ ಚರ್ಚೆಯು ನಿಮ್ಮ ಶಾಲೆಯಲ್ಲಿಯೇ ಆರಂಭವಾದೀತು.

ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರರಾಗುವಿರಿ, ಕೆಲವರು ಗಾರೆಯ ಕೆಲಸವನ್ನು ಕಲಿಯುವಿರಿ. ಉಳಿದವರೂ ಎಂದಾದರೊಂದು ದಿನ ಒಂದು ಮನೆಯನ್ನು ಕಟ್ಟಿಸುವಿರಿ ಇಲ್ಲವೆ ದುರಸ್ತಿ ಮಾಡಿಸುವಿರಿ. ಆಗ ಚಿತ್ರಪುಸ್ತಕದಲ್ಲಿ ಕಂಡ ದೂರದೇಶದ ಮನೆಯನ್ನು ಮೇಸ್ತ್ರಿಗೆ ತೋರಿಸುವ ಮುನ್ನ, ನಿವೇಶನದಲ್ಲಿ ಒಂದು ದಿನ ಪೂರ್ತಿ ನಿಂತು ನೋಡಿರಿ. ಸೂರ್ಯನು ಎಲ್ಲಿಂದ ಬರುತ್ತಾನೆ, ಗಾಳಿಯು ಎತ್ತ ಬೀಸುತ್ತದೆ, ಮಳೆಯ ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಆ ನೆಲವೇ ಹೇಳುತ್ತದೆ. ಬರ್ಮಿಂಗ್‌ಹ್ಯಾಮಿನಲ್ಲಿ ಓದಿದ ವಾಸ್ತುಶಿಲ್ಪಿಯು ಕುಮಾವೂನಿನ ರೈತರಿಂದಲೂ ಕೇರಳದ ಬಡಗಿಗಳಿಂದಲೂ ಕಲಿಯಲು ನಾಚಲಿಲ್ಲ. ಹುಟ್ಟಿದ ನೆಲದಲ್ಲಿಯೇ ಮನೆ ಕಟ್ಟುವ ನಮಗೆ ಆ ಕಲಿಕೆಯು ಇನ್ನೂ ಸುಲಭ.